ಮುಳ್ಳು ತಿಳಿಯದ ಪಾದ

ಹೊಳೆದಂಡೆಯ ಆಶ್ರಮದಲ್ಲಿ ರೇವಣಾರ್ಯರು ಶಿಷ್ಯರಿಗೆ ಧ್ಯಾನವನ್ನೂ ಕಲಿಸುತ್ತಿದ್ದರು, ರೋಗಿಗಳ ಆರೈಕೆಯನ್ನೂ ಕಲಿಸುತ್ತಿದ್ದರು. ಶಿಷ್ಯ ಚೆನ್ನಮಲ್ಲನಿಗೆ ಧ್ಯಾನದ ಮೇಲೇ ಆಸೆ. ಯಾವ ಕಾಯಿಲೆಗೆ ಯಾವ ಲಕ್ಷಣ ಎಂಬುದು ಅವನಿಗೆ ಬಾಯಿಪಾಠವಾಗಿತ್ತು, ಅಷ್ಟೇ.

ಗುರುಗಳು ಪಕ್ಕದೂರಿಗೆ ಹೋಗಿದ್ದಾಗ ಈರಭದ್ರಪ್ಪ ಎಂಬ ಬಡಕಲು ಯಾತ್ರಿಕ ಬಂದ. ಅತಿಥಿಯ ಪಾದ ತೊಳೆಯುವುದು ಆಶ್ರಮದ ಪದ್ಧತಿ. ಚೆನ್ನಮಲ್ಲ ತಂಬಿಗೆ ಹಿಡಿದು ಕೂತ. ನೋಡಿದರೆ, ಹೆಬ್ಬೆರಳ ಬುಡಕ್ಕೆ ಜಾಲಿಮುಳ್ಳು ನಾಟಿಕೊಂಡಿದೆ.

"ಅಯ್ಯೋ, ಇಷ್ಟುದ್ದದ ಮುಳ್ಳು! ನೋವಿಲ್ಲವೇ?"

"ಮುಳ್ಳೇ? ನನಗೆ ಗೊತ್ತೇ ಆಗಲಿಲ್ಲಪ್ಪ."

ಚೆನ್ನಮಲ್ಲನ ಮೈ ಜುಮ್ಮೆಂದಿತು. ದೇಹದ ಪರಿವೆ ಕಳೆದುಕೊಂಡ ದೊಡ್ಡವರ ಬಗ್ಗೆ ಕೇಳಿದ್ದ, ಕಣ್ಣಾರೆ ಕಂಡಿರಲಿಲ್ಲ. ಮುಳ್ಳು ಕಿತ್ತು ಆ ಪಾದಕ್ಕೆ ಹಣೆ ಹಚ್ಚಿದ.

ಆಮೇಲೆ ಕಂಡದ್ದೆಲ್ಲ ಆ ನಂಬಿಕೆಗೇ ಹೊಂದುತ್ತಾ ಹೋಯಿತು. ಈರಭದ್ರಪ್ಪ ರಾತ್ರಿ ಮತ್ತೆ ಮತ್ತೆ ಎದ್ದು ಹೊರಗೆ ಹೋಗುತ್ತಿದ್ದದ್ದು ಧ್ಯಾನಕ್ಕೆ. ಸೊರಗಿದ್ದು ತಪಸ್ಸಿನಿಂದ. ಕೊಡಗಟ್ಟಲೆ ನೀರು ಕುಡಿಯುವುದೇಕೆ ಎಂದು ಮಾತ್ರ ತಿಳಿಯಲಿಲ್ಲ. ಯಾವುದೋ ವ್ರತವಿರಬೇಕು ಎಂದುಕೊಂಡ. ಭಕ್ತಿ ಬಂದವನಿಗೆ ಕಾರಣಗಳಿಗೇನು ಬರ!

ವಾರ ಕಳೆದು ಗುರುಗಳು ಮರಳುವ ಹೊತ್ತಿಗೆ ಈರಭದ್ರಪ್ಪ ಮಂಟಪದಲ್ಲಿ ಕೂತಿದ್ದ. ಸುದ್ದಿ ಕೇಳಿ ಬಂದ ಊರವರು ಅವನ ಪಾದದ ಮೇಲೆ ಹೂವು ರಾಶಿ ಹಾಕಿದ್ದರು.

"ಗುರುಗಳೇ, ಮಹಾತ್ಮರು ಬಂದಿದ್ದಾರೆ," ಎಂದ ಚೆನ್ನಮಲ್ಲ.

ಗುರುಗಳು ಆ ಪಾದದ ಬಳಿ ಬಾಗಿದರು. ಅವರೂ ನಮಸ್ಕರಿಸುತ್ತಿದ್ದಾರೆಂದು ಶಿಷ್ಯ ಹಿಗ್ಗಿದ. ಅವರು ಹೂವು ಸರಿಸಿದರು, ಪಾದ ಎತ್ತಿ ಮೂಸಿದರು. ಮುಳ್ಳು ಕಿತ್ತ ಜಾಗ ಕಪ್ಪಾಗಿ ಕೀವು ಕಟ್ಟಿತ್ತು.

"ಜೀಪು ತರಿಸು. ಸಕ್ಕರೆ ಕಾಯಿಲೆ ಇದ್ದಂತಿದೆ, ಕಾಲು ಮರಗಟ್ಟಿದೆ, ಗಾಯ ಕೊಳೆಯುತ್ತಿದೆ. ಆಸ್ಪತ್ರೆಗೆ ತಡವಾದರೆ ಕಾಲೇ ಹೋಗುತ್ತದೆ."

ಈರಭದ್ರಪ್ಪ ಗಾಬರಿಯಾದ. "ಇಷ್ಟು ಜನ ಕೈಮುಗೀತಿದ್ರಲ್ಲ ಬುದ್ಧಿ, ನನಗೆ ಏನೋ ಒಳ್ಳೇದೇ ಆಗಿದೆ ಅಂದ್ಕೊಂಡೆ."

ಹೆಬ್ಬೆರಳು ಹೋಯಿತು, ಕಾಲು ಉಳಿಯಿತು.

ಚೆನ್ನಮಲ್ಲನಿಗೆ ಅನ್ನ ಸೇರಲಿಲ್ಲ. ನಾಚಿಕೆ ಒಂದು ಕಡೆ, ಗೊಂದಲ ಇನ್ನೊಂದು ಕಡೆ. ಯಾರ ಮುಖ ನೋಡಿದರೂ ಅನುಮಾನ. ಕೊನೆಗೆ ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದ ಗುರುಗಳ ಬಳಿ ಹೋದ.

"ಲಕ್ಷಣಗಳೆಲ್ಲ ನನಗೆ ಬಾಯಿಪಾಠವಾಗಿದ್ದವು, ಗುರುಗಳೇ. ಆದರೂ ಅವನ್ನು ತಪಸ್ಸು ಎಂದುಕೊಂಡೆ. ಈಗ ಯಾವುದನ್ನು ಏನೆಂದು ನಂಬಲಿ? ನೀವೂ ಕತ್ತಲಿರುವಾಗಲೇ ಏಳುತ್ತೀರಿ. ಸೊರಗಿದ್ದೀರಿ. ನೋವೆಂದು ಒಂದು ದಿನವೂ ಬಾಯಿ ಬಿಟ್ಟಿಲ್ಲ. ಇದು ಜ್ಞಾನವೋ, ಕಾಯಿಲೆಯೋ? ಹೇಗೆ ತಿಳಿಯಲಿ?"

ಗುರುಗಳು ಎರಡೂ ಕಾಲು ಚಾಚಿದರು.

ಚೆನ್ನಮಲ್ಲ ಅಭ್ಯಾಸಬಲದಿಂದ ಕಣ್ಣು ಮುಚ್ಚಿ, ಕೈಮುಗಿದು ಬಾಗಿದ.

"ನಮಸ್ಕಾರ ಆಮೇಲೆ ಮಾಡು," ಎಂದರು ಗುರುಗಳು. "ಮೊದಲು ಅಂಗಾಲು ನೋಡು."