ಊಟ ಆತ್ರಿ ಎಂದು ಕೇಳಿದ ಯಂತ್ರ

ಹುಬ್ಬಳ್ಳಿಯ ಒಂದು ಝೆರಾಕ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿ ಸುಮಂಗಲಾ ಎಂಬಾಕೆ ಚಿಕ್ಕದೊಂದು ಜಾಹೀರಾತು ಸಂಸ್ಥೆ ನಡೆಸುತ್ತಿದ್ದಳು. ಸೀರೆ ಅಂಗಡಿ, ಟ್ಯೂಷನ್ ಕ್ಲಾಸು, ಖಾನಾವಳಿ, ಇಂಥವರ ಜಾಹೀರಾತನ್ನು ಮೊಬೈಲಿನಲ್ಲಿ ಜನರಿಗೆ ಕಾಣಿಸುವುದು ಅವಳ ಕೆಲಸ. ಪ್ರತಿ ಸೋಮವಾರ ಒಬ್ಬೊಬ್ಬ ಗ್ರಾಹಕರಿಗೂ ತಾನೇ ಫೋನ್ ಮಾಡಿ, ಎಷ್ಟು ಜನ ನೋಡಿದರು, ಎಷ್ಟು ಜನ ವಿಚಾರಿಸಿದರು ಎಂದು ವರದಿ ಒಪ್ಪಿಸುತ್ತಿದ್ದಳು. ಮಾತು ಶುರುವಾಗುತ್ತಿದ್ದದ್ದು ಮಾತ್ರ ಯಾವಾಗಲೂ ಒಂದೇ ಪ್ರಶ್ನೆಯಿಂದ: "ಊಟ ಆತ್ರಿ?" ಊರವರ ಊಟ ವಿಚಾರಿಸುತ್ತ ವಿಚಾರಿಸುತ್ತ ಅವಳ ಊಟ ಸಂಜೆಗೆ ಹೋಗುತ್ತಿತ್ತು.

ಗ್ರಾಹಕರು ಹೆಚ್ಚಿದರು. ಅವಳು ಸೊರಗಿದಳು. ಜೊತೆಗೆ ಕೆಲಸ ಮಾಡುವ ಮಹಾಂತೇಶನಿಗೆ ನೋಡಲಾಗಲಿಲ್ಲ.

"ಮೇಡಂ, ಇದನ್ನೆಲ್ಲಾ ಕಂಪ್ಯೂಟರಿಗೆ ಒಪ್ಪಿಸೂಣ್ರಿ. ಹೊಸಾ ಗಿರಾಕಿ ಬಂದ್ರ ಸ್ವಾಗತ ಹೇಳಿ ಮಾಹಿತಿ ತಗೊಳ್ಳೂದು, ಸೋಮವಾರ ವರದಿ ಕಳಸೂದು, ಎಲ್ಲಾ ವಾಟ್ಸಾಪಿನ್ಯಾಗ ತಾನ ಮಾಡತೈತಿ."

ಸುಮಂಗಲಾ ಒಂದೇ ಷರತ್ತು ಹಾಕಿದಳು. "ಮೊದಲ ಊಟ ಆತ್ರಿ ಅಂತ ಕೇಳಬೇಕ ನೋಡಪಾ. ಇಲ್ಲಾಂದ್ರ ಮಂದಿ ನನಗ ಸೊಕ್ಕು ಬಂದೈತಿ ಅಂತಾರ."

ಯಂತ್ರ ಕಲಿತುಬಿಟ್ಟಿತು. ವರದಿಯಲ್ಲಿ ಒಂದು ಅಂಕಿಯೂ ತಪ್ಪಲಿಲ್ಲ. ಸುಮಂಗಲಾ ಹೊತ್ತಿಗೆ ಸರಿಯಾಗಿ ಡಬ್ಬಿ ಬಿಚ್ಚಿ ಉಣ್ಣತೊಡಗಿದಳು. ಪಾಪ, ಅದರಲ್ಲಿ ತಪ್ಪೇನಿದೆ?

ಗ್ರಾಹಕರಲ್ಲಿ ನೀಲವ್ವ ಎಂಬ ಹಿರಿಯಳಿದ್ದಳು. ಒಬ್ಬಳೇ ರೊಟ್ಟಿ ಬಡಿದು ಖಾನಾವಳಿ ನಡೆಸುವವಳು. ಬರೆಯುವುದು ತ್ರಾಸೆಂದು ಫೋನಿಗೆ ಬಾಯಿ ಇಟ್ಟು ಧ್ವನಿ ಕಳಿಸುತ್ತಿದ್ದಳು. "ಆತವಾ ಸುಮಂಗಲಾ. ನಿಂದು?" ಯಂತ್ರ ಕೋಲೆಬಸವನ ಹಾಗೆ ತಲೆಯಾಡಿಸುತ್ತಿತ್ತು: "ನಿಮ್ಮ ಉತ್ತರಕ್ಕೆ ಧನ್ಯವಾದಗಳು."

ಒಂದು ವಾರ ನೀಲವ್ವನ ಖಾನಾವಳಿಗೆ ಬಂದ ಕರೆಗಳು ದುಪ್ಪಟ್ಟಾದವು. ಸುಮಂಗಲಾ ಹಿಗ್ಗಿ, ಮಹಾಂತೇಶನನ್ನು ಕರೆದುಕೊಂಡು ಅಲ್ಲಿಗೇ ಊಟಕ್ಕೆ ಹೋದಳು.

ಬಾಗಿಲಿಗೆ ಕೀಲಿ. ಹೊರಗೆ ಹಸಿದ ನಾಲ್ಕಾರು ಮಂದಿ. "ದಿನಾ ಜಾಹೀರಾತು ಬಿಡ್ತಾರ, ಬಾಗಲಾ ಅಷ್ಟು ತೆಗ್ಯಾಂಗಿಲ್ಲ. ಇನ್ನ ಈ ಕಡೆ ಕಾಲ ಇಡಬಾರದು" ಎಂದು ಒಬ್ಬ ಗೊಣಗಿ ಹೋದ.

ಸುಮಂಗಲಾ ಮೆಟ್ಟಿಲ ಮೇಲೆ ನಿಂತೇ ವಾಟ್ಸಾಪ್ ತೆರೆದು, ಸೋಮವಾರ ನೀಲವ್ವ ಕಳಿಸಿದ್ದ ಧ್ವನಿಯನ್ನು ಮೊದಲ ಸಲ ಕೇಳಿದಳು.

"ಇಲ್ಲವಾ, ಉಂಡಿಲ್ಲ. ಎಣ್ಣಿ ಸಿಡದು ಕೈ ಸುಟ್ಟೈತಿ. ಒಲಿ ಹಚ್ಚಾಕ ಆಗವಲ್ದು. ಜಾಹೀರಾತು ನಿಂದರಸವಾ. ಮಂದಿ ಬಂದು ಬೈದು ಹೊಕ್ಕಾರ, ಇಷ್ಟು ದಿನದ ಹೆಸರು ಹೊಕ್ಕೈತಿ."

ಅದರ ಕೆಳಗೆ ಯಂತ್ರದ ಮಾತಿತ್ತು: "ನಿಮ್ಮ ಉತ್ತರಕ್ಕೆ ಧನ್ಯವಾದಗಳು. ಈ ವಾರ ನಿಮ್ಮ ಕರೆಗಳು ದುಪ್ಪಟ್ಟಾಗಿವೆ. ಅಭಿನಂದನೆಗಳು." ಗಾಯದ ಮೇಲೆ ಬರೆ ಎಳೆಯುವುದು ಎಂದರೆ ಇದೇ. ಕೇಳಿದ್ದಕ್ಕೆ ಹೇಳಿಯಾಯಿತಲ್ಲ, ಇನ್ನು ಸುಮಂಗಲಾ ನೋಡಿಕೊಳ್ಳುತ್ತಾಳೆ ಎಂದು ನೀಲವ್ವ ಅಷ್ಟು ದಿನವೂ ನಂಬಿ ಕೂತಿದ್ದಳು.

ಖಾನಾವಳಿಯ ಪಕ್ಕದಲ್ಲೇ ಇದ್ದ ಅವಳ ಮನೆಯ ಬಾಗಿಲು ತೆರೆಯಿತು. ಕೈಗೆ ಬಟ್ಟೆ ಸುತ್ತಿಕೊಂಡ ನೀಲವ್ವ ಹೊರಬಂದಳು. ಬೈಯಲಿಲ್ಲ. "ಊಟ ಆತೇನವಾ?" ಎಂದು ಕೇಳಿದಳು. ಕೇಳಿ, ಉತ್ತರಕ್ಕೆ ಕಾದಳು. ಸುಮಂಗಲಾಳಿಗೆ ಅಳು ಬಂತು.

ಅಲ್ಲೇ ಕುಳಿತು ಜಾಹೀರಾತು ನಿಲ್ಲಿಸಿದರು. ಅದೇ ಜಾಗದಲ್ಲಿ, ನೀಲವ್ವನ ಕೈ ಸುಟ್ಟಿದೆ, ವಾಸಿಯಾದ ಮೇಲೆ ಖಾನಾವಳಿ ತೆರೆಯುತ್ತದೆ ಎಂದು ಹಾಕಿದರು. ಬೈದು ಹೋದವರಲ್ಲೇ ಕೆಲವರು ಫೋನ್ ಮಾಡಿ ಕೈ ಹೇಗಿದೆ ಎಂದು ವಿಚಾರಿಸಿದರು.

"ಮೇಡಂ, ಯಂತ್ರ ತಗದ ಬಿಡ್ಲೇನ್ರಿ?" ಎಂದ ಮಹಾಂತೇಶ, ಸಣ್ಣ ಮುಖ ಮಾಡಿಕೊಂಡು.

"ಬ್ಯಾಡಪಾ. ಲೆಕ್ಕಾ ಅದ ಹೇಳಲಿ. ಊಟ ಆತ್ರಿ ಅನ್ನೂದಷ್ಟ ತಗದ ಬಿಡು. ಅದನ್ನ ನಾನ ಕೇಳತೀನಿ."

ಮುಂದಿನ ಸೋಮವಾರ ಸುಮಂಗಲಾಳ ಊಟ ಸ್ವಲ್ಪ ತಡವಾಯಿತು. ಫೋನಿನಲ್ಲಿ ನೀಲವ್ವ "ನಿಂದು?" ಎಂದಾಗ, ಡಬ್ಬಿ ಬಿಚ್ಚುತ್ತ "ಈಗ ಉಣ್ಣಾಕತ್ತೀನ್ರಿ ಅವ್ವಾ" ಎಂದಳು.

ನೀತಿ: ವರದಿಯನ್ನು ಯಂತ್ರ ಒಪ್ಪಿಸಲಿ, ಅಡ್ಡಿಯಿಲ್ಲ. ಆದರೆ ಕುಶಲ ಕೇಳಿದವರು ಉತ್ತರವನ್ನೂ ಕೇಳಿಸಿಕೊಳ್ಳಬೇಕು. ಅದಕ್ಕೆ ಪುರುಸೊತ್ತಿಲ್ಲದಿದ್ದರೆ ಕೇಳದೇ ಇರುವುದು ಮೇಲು.