ಮೊಗನೋಡಿ ಗುಡ್ಡ

ರಾಷ್ಟ್ರೀಯ ಉದ್ಯಾನದ ಜೀಪು ಏದುಸಿರು ಬಿಡುತ್ತ ನಿಲ್ಲುವ ಕೊನೆಯ ತಿರುವಿನಿಂದ ಮೇಲೆ ಕಾಣುವುದೇ ಮೊಗನೋಡಿ ಗುಡ್ಡ. ಒಂದು ಪಕ್ಕ ದಟ್ಟ ಕಾಡು, ಇನ್ನೊಂದು ಪಕ್ಕ ಕೊರಕಲು, ನಡುವೆ ಮಂಜು. ಬೇರೆಲ್ಲೂ ಸುಲಭಕ್ಕೆ ಕಣ್ಣಿಗೆ ಬೀಳದ ಸಿಂಗಳೀಕಗಳು ಕಪ್ಪು ಮೈಯ ಮೇಲೆ ನರೆತ ಗಡ್ಡ ಹೊತ್ತು ಇಲ್ಲಿನ ಮರಗಳಲ್ಲಿ ಪಂಚಾಯ್ತಿಗೆ ಕೂತಂತೆ ಕೂತಿರುತ್ತವೆ. ಗುಡ್ಡದ ಹೆಸರು ದೇವರಿಂದ ಬಂದದ್ದಲ್ಲ, ರಾಜನಿಂದಲೂ ಅಲ್ಲ. ಒಬ್ಬ ಸೊಸೆಯಿಂದ ಬಂತು ಎನ್ನುತ್ತಾರೆ.

ಹಿಂದೆ ಒಮ್ಮೆ, ತಪ್ಪಲಿನಲ್ಲಿ ದನಗಾಹಿಗಳ ಹಟ್ಟಿಯಿದ್ದ ಕಾಲದಲ್ಲಿ, ಬಯಲುಸೀಮೆಯ ಕೆಂಚವ್ವ ದೊಡ್ಡೀರಯ್ಯನ ಮನೆಗೆ ಸೊಸೆಯಾಗಿ ಬಂದಳು. ಸೊಸೆ ಮಾವನ ಮುಖ ನೋಡುವಂತಿಲ್ಲ, ಎದುರು ಮಾತಾಡುವಂತಿಲ್ಲ. ಅದು ಹಟ್ಟಿಯ ಕಟ್ಟಳೆ. ವರ್ಷಗಳು ಕಳೆದರೂ ಅವಳು ಕಂಡದ್ದು ದಿನವೂ ನಮಸ್ಕರಿಸುವ ಅವನ ಪಾದಗಳನ್ನು ಮಾತ್ರ. ಮಾವನಿಗೆ ಬೆಳ್ಳನೆಯ ಗಡ್ಡವಿದೆ ಎಂಬುದನ್ನೂ ಗಂಡ ಹೇಳಿಯೇ ತಿಳಿದಿದ್ದಳು. ಗಂಡ ಊರಿಗಿಳಿದಿದ್ದ ಒಂದು ದಿನ, ತಪ್ಪಿಸಿಕೊಂಡ ಕರು ಹುಡುಕಲು ಗುಡ್ಡ ಹತ್ತಿದ ಮುದುಕ ಹಿಂತಿರುಗಲಿಲ್ಲ. ಹೊತ್ತು ಮುಳುಗಿದರೆ ಅದು ಆನೆ, ಹುಲಿಗಳ ರಾಜ್ಯ. ಹಟ್ಟಿ ಬಿಟ್ಟು ಎಂದೂ ಮೇಲೆ ಹೋಗದ ಕೆಂಚವ್ವ ಗಂಜಿಯ ಗಡಿಗೆ ಹಿಡಿದು ಒಬ್ಬಳೇ ಹೊರಟಳು.

ಮಂಜಿನಲ್ಲಿ, ಹಲಸಿನ ಕೊಂಬೆಯ ಮೇಲೆ, ಓರೆಗಣ್ಣಿಗೆ ಬೆಳ್ಳನೆಯ ಗಡ್ಡವೊಂದು ಕಂಡಿತು. ‘ಹೂ, ಹೂ’ ಎಂಬ ಸಿಡುಕು ದನಿ ಬೇರೆ. ಸಿಂಗಳೀಕವೆಂದರೇನೆಂದೇ ಅರಿಯದವಳು, ಆನೆಗೆ ಹೆದರಿ ಮಾವ ಮರ ಹತ್ತಿದ್ದಾನೆ ಎಂದುಕೊಂಡಳು. ತಟ್ಟನೆ ಸೆರಗೆಳೆದು, ಗಂಜಿಯನ್ನು ಬುಡದಲ್ಲಿಟ್ಟು, ಮರೆಗೆ ಸರಿದು ನಿಂತಳು. ಅಷ್ಟರಲ್ಲಿ ಕೊರಕಲಿನಿಂದ, ಯಾರದೆಂದು ಗುರುತು ಸಿಗದಷ್ಟು ಒಡೆದ ದನಿಯ ನರಳಾಟ ಕೇಳಿಸಿತು: “ಯಾರಾದ್ರೂ ಇದೀರಾ? ಕಾಲು ಮುರಿದೈತೆ!” ಗಡ್ಡ ಮೇಲೆ, ದನಿ ಕೆಳಗೆ! ಕೆಂಚವ್ವನಿಗೆ ತಲೆಬುಡ ತಿಳಿಯಲಿಲ್ಲ. ಮೇಲಿರುವವನು ಮಾವನಾದರೆ ಕೆಳಗಿನವನು ಯಾರು? ಮುಖ ನೋಡದೆ ತಿಳಿಯದು, ನೋಡಿದರೆ ಕಟ್ಟಳೆ ಕೆಡುತ್ತದೆ. ಹಾಳು ಕಟ್ಟಳೆ! ಬೆಳಕು ಕರಗುತ್ತಿತ್ತು. ಕೊನೆಗೆ ಸೆರಗು ಸರಿಸಿ ತಲೆಯೆತ್ತಿದಳು. ಮಾವನಿಗೆ ಬಾಲವಿತ್ತು.

ಗಡಿಗೆ ಎತ್ತಿಕೊಂಡು ಕೊರಕಲಿಗೆ ಇಳಿದಳು. ಬಂಡೆಗೊರಗಿದ್ದ ಮುದುಕನ ಮುಖ ಅವಳಿಗೆ ಗುರುತಿಲ್ಲ. ಅವನೂ ಅವಳನ್ನು ಪಿಳಿಪಿಳಿ ನೋಡಿ, “ಯಾರ ಮನೆ ಮಗಳವ್ವಾ ನೀನು?” ಎಂದ. ಅವಳು ಅವನ ಕಾಲು ನೋಡಿದಳು. ಸೊಟ್ಟ ಹೆಬ್ಬೆರಳು, ಒಡೆದ ಹಿಮ್ಮಡಿ. ಅವಳಿಗೆ ಅಳು ಉಕ್ಕಿ ಬಂತು.

“ನಿಮ್ಮ ಮನೇಲೇ ಇರೋಳು, ಮಾವಯ್ಯ” ಎಂದಳು.

ಮುದುಕ ಬದುಕಿದ, ಕಟ್ಟಳೆ ಉಳಿಯಲಿಲ್ಲ ಎನ್ನುತ್ತಾರೆ. ಈಗ ಹಟ್ಟಿಯೂ ಇಲ್ಲ; ಕೊರಕಲಿನ ಅಂಚಿಗೆ ಕಬ್ಬಿಣದ ಕಂಬಿ ಬಂದಿದೆ. ಪ್ರವಾಸಿಗರು ದುರ್ಬೀನು ಹಿಡಿದು ಮರಗಳತ್ತ ಕತ್ತೆತ್ತಿ ನಿಂತಿರುವಾಗ, ಬೆಟ್ಟದ ಜನ ಮಾತ್ರ ಜೊತೆಗೆ ಬಂದವರ ಕಡೆ ತಿರುಗಿ, ಒಂದು ಗಳಿಗೆ ಅವರ ಮುಖವನ್ನೇ ನೋಡಿ, ಆಮೇಲೆ ಮುಂದೆ ನಡೆಯುತ್ತಾರೆ.