ಉಜ್ಜಿದ ಕೈ

ಅಂಗನವಾಡಿಯಲ್ಲಿ ಬಿಸಿ ಉಪ್ಪಿಟ್ಟಿನ ಪಾತ್ರೆಯನ್ನು ಮುಚ್ಚಳ ಕಾಯುತ್ತಿತ್ತು. ಚರಂಡಿಯಿಂದ ಹಾರಿಬಂದ ನೊಣ ಅದರ ಮೇಲೆ ಕೂತು ಮುಂಗಾಲುಗಳನ್ನು ಉಜ್ಜತೊಡಗಿತು.

"ನೋಡು ಮುಚ್ಚಳಣ್ಣ, ಟೀಚರ್ ಮಕ್ಕಳಿಗೆ ಹೇಳಿಕೊಟ್ಟ ಹಾಗೆಯೇ ಕೈ ಉಜ್ಜುತ್ತಿದ್ದೇನೆ. ಕೊಂಚ ಸರಿದು ಒಳಗೆ ಬಿಡು."

"ಉಜ್ಜುವುದು ಬೇರೆ, ತೊಳೆಯುವುದು ಬೇರೆ. ಈ ಕೈಯ ಕೊಳೆಯನ್ನು ಆ ಕೈಗೆ ಹಚ್ಚುತ್ತಿದ್ದೀಯ, ಅಷ್ಟೆ. ನಲ್ಲಿ ಅಲ್ಲಿದೆ, ಸೋಪೂ ಇದೆ. ನಡಿ."

"ಹಬೆಗೆ ನೀನೇ ಸುಡುತ್ತಿದ್ದೀಯಲ್ಲ! ಚೂರು ಸಂದಿ ಬಿಟ್ಟರೆ ನಿನಗೂ ತಂಪು."

"ನಾನು ಸುಟ್ಟರೆ ಆಮೇಲೆ ಆರುತ್ತೇನೆ. ನೀನು ಮುಟ್ಟಿದ್ದನ್ನು ತಿಂದ ಮಗು ಹಾಸಿಗೆ ಹಿಡಿಯುತ್ತದೆ. ನಾನು ಸರಿಯುವುದಿಲ್ಲ."

ಅಷ್ಟರಲ್ಲಿ ಪುಟ್ಟ ನಸೀಮಾ ತಟ್ಟೆ ಹಿಡಿದು ಓಡಿಬಂದಳು. ತೊಳೆದ ಕೈಯಿಂದ ಒಂದು ಹನಿ ನೊಣದ ಬೆನ್ನಿಗೆ ಬಿತ್ತು.

"ಅಯ್ಯೋ, ನೀರು!" ಎನ್ನುತ್ತ ನೊಣ ಕಿಟಕಿ ದಾಟಿತು.

ನಸೀಮಾಳ ತಟ್ಟೆಗಾಗಿ ಮುಚ್ಚಳ ಆಗ ಮೇಲೆದ್ದಿತು.